ನಾಲ್ಕನೆಯ ದಿನ ಕೂಗದ ಕುರಿ

ನಿನ್ನೆಯ ಪ್ರವಚನದಲ್ಲಿ ನಾವು ಬಿಡುವಿನ ಬಗ್ಗೆ ಮಾತಾಡುತ್ತಿದ್ದೆವು. "ಬಿಡುವಾದರೆ ಬರುತ್ತೇನೆ" ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ಆಡುತ್ತೀರಿ, ಎಣಿಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೆ. ಯಾರಾದರೂ ಎಣಿಸಿದಿರಾ? ಇಲ್ಲ. ಎಣಿಸುವುದಕ್ಕೂ ಬಿಡುವಾಗಲಿಲ್ಲ, ಅಲ್ಲವೇ? ನಗಬೇಡಿ ತಾಯಿ, ನಿಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇರಲಿ. ಇವತ್ತು ಒಂದು ದೃಷ್ಟಾಂತ ಕೇಳಿ.

ಮಲಪ್ರಭೆಯ ಈಚೆ ದಂಡೆಗೆ ಒಂದು ಊರು. ಊರಾಚೆ ಕರಿ ಎರೆ ಮಣ್ಣು ಮುಗಿದು ಕೆಂಪು ಮಸಾರಿ ನೆಲ ಶುರುವಾಗುವ ಕಡೆ ಇನ್ನೂರು ಕುರಿಗಳ ಒಂದು ಫಾರ್ಮು. ಆ ಫಾರ್ಮಿಗೆ ಒಬ್ಬ ಯಜಮಾನ. ಉಂಡುಟ್ಟು ಮಿಗುವಷ್ಟು ಸ್ಥಿತಿವಂತ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ, ಓಹೋ, ಇದು ಬೇರೆ ಯಾರದೋ ಕಥೆ ಎಂದು ನೀವು ಗೋಡೆಗೆ ಒರಗಿ ಕೂತುಬಿಡುತ್ತೀರಿ.

ನೋಡಿ, ಕುರಿ ಸಾಕುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಉಣ್ಣೆಗೆ ಸಾಕುತ್ತಾರೆ, ಗೊಬ್ಬರಕ್ಕೆ ಸಾಕುತ್ತಾರೆ, ಮಾರಲು ಸಾಕುತ್ತಾರೆ. ಇವನು ಹಾಲಿಗೆ ಸಾಕಿದ. ದೂರದ ಪಟ್ಟಣದಲ್ಲಿ ಕುರಿಹಾಲಿನಿಂದ ಚೀಸ್ ಮಾಡುವ ಒಂದು ಕಾರ್ಖಾನೆ ಇತ್ತು. ಆ ಕಾರ್ಖಾನೆಗೆ ಹಾಲು ದಿನಾ ಬೇಕು, ಹನ್ನೆರಡು ತಿಂಗಳೂ ಬೇಕು. ಕುರಿ ಹನ್ನೆರಡು ತಿಂಗಳು ಹಾಲು ಕೊಡುತ್ತದೆಯೇ? ಇಲ್ಲ. ಮರಿ ಹಾಕಿದ ಮೇಲೆ ಕೆಲವು ತಿಂಗಳು ಕೊಡುತ್ತದೆ, ಆಮೇಲೆ ಬತ್ತುತ್ತದೆ. ಅವನ ಅಪ್ಪನ ಕಾಲದಲ್ಲಿ ಹಿಂಡಿನ ಕುರಿಗಳೆಲ್ಲ ಒಂದೇ ಹಂಗಾಮಿಗೆ ಈಯುತ್ತಿದ್ದವು, ಒಂದೇ ಸಲಕ್ಕೆ ಬತ್ತುತ್ತಿದ್ದವು. ಹಾಲು ಬತ್ತಿದ ಆ ದಿನಗಳಲ್ಲಿ ಮನೆಯವರಿಗೆ ಕೈ ಖಾಲಿ. ಬೀಗರ ಮನೆಗೆ ಹೋಗುವುದು, ಹೆಣ್ಣುಮಕ್ಕಳನ್ನು ಕರೆತರುವುದು, ಕಟ್ಟೆಯ ಮೇಲೆ ಕೂತು ಮಾತಾಡುವುದು, ಎಲ್ಲ ಆಗಲೇ ಆಗುತ್ತಿತ್ತು.

ಮಗ ಓದಿದವನು. ಅವನು ಹಿಂಡನ್ನು ಮೂರು ಗುಂಪು ಮಾಡಿದ. ಕುರಿ ಗರ್ಭ ಕಟ್ಟಿದ ಮೇಲೆ ಈಯಲು ನೂರೈವತ್ತು ದಿನ, ಎರಡು ದಿನ ಹೆಚ್ಚು ಕಡಿಮೆ. ಅಂದರೆ ಟಗರನ್ನು ಬಿಡುವ ದಿನ ನಮ್ಮ ಕೈಯಲ್ಲಿದ್ದರೆ ಮರಿ ಹುಟ್ಟುವ ದಿನವೂ ನಮ್ಮ ಕೈಯಲ್ಲಿದ್ದಂತೆಯೇ. ಒಂದು ಗುಂಪು ಮಳೆಗಾಲಕ್ಕೆ ಈಯಬೇಕು, ಒಂದು ದೀಪಾವಳಿಯ ಹೊತ್ತಿಗೆ, ಇನ್ನೊಂದು ಬೇಸಿಗೆಯ ಬಾಗಿಲಲ್ಲಿ. ಒಂದು ಗುಂಪಿನ ಹಾಲು ಬತ್ತುವಾಗ ಇನ್ನೊಂದು ಗುಂಪಿನ ಹಾಲು ಏರಬೇಕು. ಹಾಗೆಯೇ ಆಯಿತು. ಕಾರ್ಖಾನೆಗೆ ಒಂದು ದಿನವೂ ಹಾಲು ತಪ್ಪಲಿಲ್ಲ.

ಇದಕ್ಕಾಗಿ ಅವನು ಒಂದು ಪಟ್ಟಿ ಮಾಡಿದ್ದ. ಬಾಗಿಲಷ್ಟು ಅಗಲದ ಹಾಳೆ. ಪ್ರತಿ ಕುರಿಗೂ ಒಂದು ಸಾಲು, ಪ್ರತಿ ವಾರಕ್ಕೂ ಒಂದು ಮನೆ. ಟಗರು ಬಿಟ್ಟ ವಾರಕ್ಕೆ ಹಸಿರು, ಈಯುವ ವಾರಕ್ಕೆ ಕೆಂಪು, ಮರಿ ಅಗಲಿಸುವ ವಾರಕ್ಕೆ ನೀಲಿ, ಹಾಲು ಹಿಂಡುವ ವಾರಗಳಿಗೆ ಹಳದಿ. ಆಮೇಲೆ, ಮುಂದಿನ ಸಲ ಈಯುವ ಮೊದಲು, ಎರಡು ತಿಂಗಳು ಬಿಳಿ ಮನೆ. ಬಣ್ಣವೇ ಇಲ್ಲ. ಅದು ಬತ್ತಿಸುವ ಕಾಲ.

ಯಾಕೆ ಬತ್ತಿಸಬೇಕು? ಅವನಿಗೆ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಆ ಎರಡು ತಿಂಗಳಲ್ಲಿ ಕುರಿಯ ಕೆಚ್ಚಲು ಸುಮ್ಮನೆ ಇರುವುದಿಲ್ಲ. ಹಾಲು ಸುರಿಸಿ ದಣಿದ ಹಳೆಯ ಕಣಗಳು ಕರಗುತ್ತವೆ, ಅವುಗಳ ಜಾಗಕ್ಕೆ ಹೊಸವು ಹುಟ್ಟುತ್ತವೆ. ಈ ಬಿಡುವು ಕೊಡದೆ ಕೊನೆಯ ದಿನದವರೆಗೂ ಹಿಂಡಿದಿರೋ, ಮುಂದಿನ ಸಲದ ಹಾಲು ಅಷ್ಟಕ್ಕಷ್ಟೇ. ಹೊರಗಿನಿಂದ ನೋಡಿದರೆ ಕುರಿ ಖಾಲಿ. ಒಳಗೆ ಅದು ತುಂಬಿಕೊಳ್ಳುತ್ತಿರುತ್ತದೆ. ಇನ್ನೂರು ಕುರಿಗಳಿಗೆ ಇನ್ನೂರು ಬಿಳಿ ಪಟ್ಟೆ. ಒಂದಕ್ಕೂ ಅವನು ಮೋಸ ಮಾಡಿದವನಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ.

ಈ ಯಜಮಾನನಿಗೆ ಒಬ್ಬಳೇ ತಂಗಿ, ಕಸ್ತೂರಿ. ಹೊಳೆಯಾಚೆ, ಎರಡು ಬಸ್ಸು ಬದಲಿಸಿ ನಾಲ್ಕು ತಾಸು ಹೋದರೆ ಸಿಗುವ ಊರಿಗೆ ಕೊಟ್ಟಿದ್ದರು. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ತವರು ಎಂದರೆ ಅವಳಿಗೆ ಈ ಅಣ್ಣ ಒಬ್ಬನೇ. ಅಲ್ಲಿಯ ಪದ್ಧತಿ ನಿಮಗೆ ಗೊತ್ತು. ನಾಗರ ಪಂಚಮಿಗೆ ಅಣ್ಣ ಬಂದು ಕರೆಯಬೇಕು. ಕರೆದರೆ ತಂಗಿ ಬರುತ್ತಾಳೆ, ಉಂಡಿ ತಿನ್ನುತ್ತಾಳೆ, ಜೋಕಾಲಿ ಜೀಕುತ್ತಾಳೆ, ಎಂಟು ದಿನ ಯಾರ ಸೊಸೆಯೂ ಅಲ್ಲದೆ ಇರುತ್ತಾಳೆ. ಕರೆಯದೆ ತಾನಾಗಿ ಬರುವುದಿಲ್ಲ. ಅದು ಹಟವಲ್ಲ, ಅದು ಅವಳ ಮಾನ. ಚಿಕ್ಕವಳಿದ್ದಾಗ ಮನೆ ಮುಂದಿನ ಬೇವಿನ ಮರದ ಜೋಕಾಲಿಯಲ್ಲಿ ಇವಳನ್ನು ಕೂರಿಸಿ ತೂಗುತ್ತಿದ್ದವನೇ ಇವನು. "ಇನ್ನಾ ಮ್ಯಾಲ ಅಣ್ಣಾ, ಇನ್ನಾ ಮ್ಯಾಲ" ಎನ್ನುತ್ತಿದ್ದಳು. ಕುರಿ ಹಿಂಡುತ್ತಾ ಕೂತಾಗ ಒಮ್ಮೊಮ್ಮೆ ಆ ದನಿ ಅವನ ಕಿವಿಗೆ ಬೀಳುತ್ತಿತ್ತು. ಬಿದ್ದಾಗ ಅವನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಮತ್ತೆ ಹಿಂಡುತ್ತಿದ್ದ.

ಫಾರ್ಮು ಶುರುವಾದ ಮೊದಲ ವರ್ಷ ಪಂಚಮಿಯ ಹೊತ್ತಿಗೆ ಸರಿಯಾಗಿ ಕೆಂಪು ವಾರ. ದಿನಕ್ಕೆ ನಾಲ್ಕೈದು ಕುರಿ ಈಯುತ್ತಿದ್ದವು. ತಂಗಿ ಫೋನ್ ಮಾಡಿದಳು. "ಯಾವಾಗ ಬರ್ತೀಯಣ್ಣ? ಚೀಲ ತುಂಬಿಟ್ಟೀನಿ." ಇವನೆಂದ: "ಈ ವರ್ಷ ಒಂದು ಬಿಡವ್ವಾ. ಕುರಿ ಈಯಾಕ ಹತ್ಯಾವ." ಎರಡನೆಯ ವರ್ಷ ಒಂದು ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡ ತಿರುಗಿತ್ತು. ತಂಗಿ ಮತ್ತೆ ಕರೆದಳು, ಹೋಗಲಾಗಲಿಲ್ಲ. ಹಾಲಿನ ಗಾಡಿಯವನ ಕೈಯಲ್ಲಿ ಉಂಡಿಯ ಡಬ್ಬಿ ಕಳಿಸಿದ. ಮೂರನೆಯ ವರ್ಷ ಇನ್ನೂ ಜಾಣನಾದ. "ಗಾಡಿ ಆ ಕಡೀನ ಬರತೈತಿ, ಹತ್ತಿ ಬಂದ್ಬಿಡು" ಎಂದ.  ತಂಗಿ, "ಹಾಲಿನ ಕ್ಯಾನಿನ ಜೋಡಿ ಕುಂತು ಬಂದ್ರ ತವರಿಗೆ ಬಂದಂಗ ಆಗತೈತೇನಣ್ಣ?" ಎಂದು ನಕ್ಕಳು. ನಕ್ಕಳು ನೋಡಿ, ಅದಕ್ಕೇ ಇವನಿಗೆ ಸಮಾಧಾನವಾಯಿತು.

ಆದರೂ ಆ ನಗು ಅವನೊಳಗೆ ಎಲ್ಲೋ ಸಿಕ್ಕಿಕೊಂಡಿತ್ತು. ಅದೇ ವರ್ಷ ದೀಪಾವಳಿಗೆ ಮುಂದಿನ ಸಾಲಿನ ಪಟ್ಟಿ ಮಾಡಲು ಕೂತಾಗ ಅವನೊಂದು ಪ್ರತಿಜ್ಞೆ ಮಾಡಿದ. ಬರುವ ಪಂಚಮಿಗೆ ತಂಗಿಯನ್ನು ಕರೆತಂದೇ ಸಿದ್ಧ. ಹೇಗೆ? ಅವನಿಗೆ ಗೊತ್ತಿದ್ದ ದಾರಿ ಒಂದೇ, ಲೆಕ್ಕ. ಆಗಷ್ಟೇ ಕಳೆದ ಪಂಚಮಿ ಬಿದ್ದದ್ದು ಆಗಸ್ಟ್ ಎರಡಕ್ಕೆ; ಬರುವುದೂ ಅದೇ ಹೊತ್ತಿಗೆ ಎಂದುಕೊಂಡ. ಸರಿ, ಜುಲೈ ಇಪ್ಪತ್ತೈದರೊಳಗೆ ಮಳೆಗಾಲದ ಗುಂಪಿನ ಕಡೆಯ ಕುರಿಯೂ ಈದಿರಬೇಕು. ಹಿಂದಕ್ಕೆ ಎಣಿಸಿದ. ಟಗರನ್ನು ಮೂರು ವಾರ ಮೊದಲೇ ಬಿಡುವುದೆಂದು ಗುರುತು ಹಾಕಿದ. ಮರಿಗಳನ್ನು ಅಗಲಿಸುವುದು ಆಗಸ್ಟ್ ಹತ್ತೊಂಬತ್ತಕ್ಕೆ. ನಡುವೆ ಮೂರು ವಾರ ಬಯಲು. ಆ ಬಯಲಿನಲ್ಲಿ ತಂಗಿ. ಎಂಥ ಅಚ್ಚುಕಟ್ಟು! ಪಟ್ಟಿಯನ್ನು ಗೋಡೆಗೆ ತೂಗುಹಾಕಿದ. ಮೊಳೆ ಒಂದೇ ಇತ್ತು, ಅದೇ ಮೊಳೆಗೆ ಕ್ಯಾಲೆಂಡರೂ ಇತ್ತು. ಕ್ಯಾಲೆಂಡರಿನ ಮೇಲೆಯೇ ಪಟ್ಟಿ ಕೂತಿತು. ಹೊಸ ವರ್ಷಕ್ಕೆ ಹೊಸ ಕ್ಯಾಲೆಂಡರು ಬಂದಾಗ ಅದನ್ನೂ ಪಟ್ಟಿಯ ಹಿಂದೆಯೇ ಸಿಕ್ಕಿಸಿದರು.

ನಿಮ್ಮಲ್ಲಿ ಕೆಲವರು ಆಗಲೇ ತಲೆಯಾಡಿಸುತ್ತಿದ್ದೀರಿ. ತಾಯಂದಿರಿಗೆ ಗೊತ್ತಾಗಿಬಿಟ್ಟಿದೆ.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಟಗರು ಬಿಟ್ಟ ದಿನಕ್ಕೆ ಸರಿಯಾಗಿ ಮರಿಗಳು ಹುಟ್ಟಿದವು. ಜುಲೈ ಇಪ್ಪತ್ತಮೂರಕ್ಕೆ ಕಡೆಯ ಕುರಿ ಅವಳಿ ಮರಿ ಹಾಕಿತು. ಯಜಮಾನ ಕೈ ತೊಳೆದುಕೊಂಡು, ಬಹಳ ದಿನಗಳ ಮೇಲೆ ಶಿಳ್ಳೆ ಹಾಕಿದ. ಅವನ ಫಾರ್ಮಿನಲ್ಲಿ ಹಾಲು ಹಿಂಡುವವಳು ನಿಂಬೆವ್ವ. ಕುರುಬರ ಹೆಂಗಸು, ಐವತ್ತು ದಾಟಿದವಳು. ಕತ್ತಲಲ್ಲಿ ಕೆಚ್ಚಲು ಮುಟ್ಟಿ ಇದು ಯಾವ ಕುರಿ ಎಂದು ಹೇಳಬಲ್ಲವಳು. ಅವಳಿಗೆ ಇವನು ಹೇಳಿದ, "ಬೇ ನಿಂಬೆವ್ವ, ಬರೋ ವಾರ ನಾ ಇರೂದಿಲ್ಲ. ಪಂಚಮಿಗೆ ತಂಗೀನ ಕರಿಯಾಕ ಹೊಂಟೀನಿ."

ನಿಂಬೆವ್ವ ಹಿಂಡುವುದನ್ನು ನಿಲ್ಲಿಸಿ ಇವನ ಮುಖ ನೋಡಿದಳು. "ಬರೋ ವಾರ ಎಲ್ಲಿ ಪಂಚಮಿ ಬಂತ್ರೀ ಸಾವ್ಕಾರ್ರ? ಈ ವರ್ಷ ಅಧಿಕ ಮಾಸ ಬಂದೈತಿ. ಇದು ಖರೇ ಶ್ರಾವಣ ಅಲ್ಲ. ಪಂಚಮಿ ಇನ್ನೂ ತಿಂಗಳ ಮ್ಯಾಲೈತಿ ನೋಡ್ರಿ."

"ಮೊದಲ ಯಾಕ ಹೇಳಲಿಲ್ಲ?"

"ನೀವು ಎಲ್ಲಿ ಕೇಳಿದ್ರಿ? ನಿಮ್ಮ ಹಾಳ್ಯಾಗ ಎಲ್ಲಾ ಐತಿ ಅಂತಿದ್ರಿ. ಚಂದ್ರನೂ ನಿಮ್ಮ ಹಾಳಿ ನೋಡೇ ನಡೀತಾನ ಅಂದ್ಕೊಂಡಿದ್ದೆ."

ಓಡಿ ಹೋಗಿ ಪಟ್ಟಿಯನ್ನು ಎತ್ತಿ ಹಿಂದಿನ ಕ್ಯಾಲೆಂಡರು ನೋಡಿದ. ಪಂಚಮಿ ಆಗಸ್ಟ್ ಇಪ್ಪತ್ತೊಂದಕ್ಕೆ. ಹತ್ತೊಂಬತ್ತಕ್ಕೆ ಮರಿ ಅಗಲಿಸುವುದು. ಅಂದರೆ ಇಡೀ ವರ್ಷದಲ್ಲಿ ಎಲ್ಲಕ್ಕಿಂತ ಬಿಗಿಯಾದ ಮೂರು ದಿನಗಳ ನಟ್ಟನಡುವೆ ಪಂಚಮಿ ಬಂದು ಕೂತಿತ್ತು. ಅಗಲಿಸುವುದನ್ನು ಮುಂದೂಡೋಣವೆಂದರೆ ಈ ಗುಂಪಿನ ಹಾಲು ಮರಿಗಳ ಹೊಟ್ಟೆಗೇ ಹೋಗುತ್ತದೆ, ಅದೇ ವಾರ ದೀಪಾವಳಿಗೆ ಈಯುವ ಗುಂಪನ್ನು ಬತ್ತಿಸಬೇಕು. ಎರಡೂ ಕಡೆ ಹಾಲು ನಿಂತರೆ ಕಾರ್ಖಾನೆಗೆ ಏನು ಕಳಿಸುವುದು? ಪಟ್ಟಿಯ ಮುಂದೆ ಒಂದು ತಾಸು ನಿಂತ. ಒಂದು ಬಣ್ಣವನ್ನು ಸರಿಸಿದರೆ ಇನ್ನೊಂದು ಕೆಡುತ್ತಿತ್ತು. ನೂರೈವತ್ತು ದಿನವನ್ನು ಎರಡು ದಿನದ ವ್ಯತ್ಯಾಸದಲ್ಲಿ ಹಿಡಿದವನಿಗೆ ಅಂಗಳದ ಮೇಲೆ ದಿನಾ ಕಾಣುವ ಚಂದ್ರನ ಲೆಕ್ಕ ತಪ್ಪಿತ್ತು.

ಮನೆಯಾಕೆ ಹೇಳಿದಳು, "ಫೋನಾರ ಮಾಡ್ರಿ." ಮಾಡುತ್ತೇನೆ ಎಂದ. ಮಾಡಲಿಲ್ಲ. ತಂಗಿಯೇ ಮಾಡಲಿ, ಆಗ ಹೇಳೋಣ ಎಂದುಕೊಂಡ. ಆ ವರ್ಷ ಅವಳು ಮಾಡಲಿಲ್ಲ. ಪಂಚಮಿ ಒಂದು ವಾರ ಇತ್ತು, ಮಾಡಲಿಲ್ಲ. ನಾಲ್ಕು ದಿನ ಇತ್ತು, ಮಾಡಲಿಲ್ಲ. ಇವನು ಹೆಂಡತಿಗೆ, "ಈ ಸಲ ಆಕೀನೂ ಕೇಳಲಿಲ್ಲ ನೋಡು. ಹೊಂದಿಕೊಂಡಾಳ" ಎಂದ. ಹೇಳುವಾಗ ಎದೆ ಹಗುರಾದಂತೆ ಅನಿಸಿತು. ಎಂಥ ಮನುಷ್ಯ, ಅಲ್ಲವೇ? ಹಾಗೆನ್ನುವ ಮೊದಲು ತುಸು ತಡೆಯಿರಿ.

ಹತ್ತೊಂಬತ್ತಕ್ಕೆ ಮರಿಗಳನ್ನು ಅಗಲಿಸಿದರು. ನೀವು ಅದನ್ನು ಕೇಳಿದ್ದೀರೋ ಇಲ್ಲವೋ. ಮರಿಗಳನ್ನು ಬೇರೆ ದೊಡ್ಡಿಗೆ ಹಾಕಿ ನಡುವೆ ತಟ್ಟಿ ಕಟ್ಟುತ್ತಾರೆ. ತಾಯಿ ಈ ಕಡೆ ಒದರುತ್ತದೆ, ಮರಿ ಆ ಕಡೆ ಒದರುತ್ತದೆ. ಒಂದೆರಡಲ್ಲ, ಎಪ್ಪತ್ತು ತಾಯಿ. ಪ್ರತಿ ತಾಯಿಗೂ ತನ್ನ ಮರಿಯ ದನಿ ಗೊತ್ತು, ಪ್ರತಿ ಮರಿಗೂ ತನ್ನ ತಾಯಿಯದು. ಮೇವು ಹಾಕಿದರೆ ಮೂಸುವುದಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿರುತ್ತದೆ, ಹಾಲು ಬಿಡುವುದಿಲ್ಲ. ಹೀಗೆ ಮೂರು ದಿನ. ಆ ಮೂರು ದಿನವೂ ಯಜಮಾನ ರಿಜಿಸ್ಟರಿನಲ್ಲಿ ತಪ್ಪದೆ ಬರೆದ. ಮೊದಲನೆಯ ದಿನ: ಕೂಗು. ಎರಡನೆಯ ದಿನ: ಕೂಗು. ಮೂರನೆಯ ದಿನ, ಅದು ಪಂಚಮಿಯ ದಿನ: ಕೂಗು ಕಡಿಮೆ.

ನಾಲ್ಕನೆಯ ದಿನ ಬೆಳಗ್ಗೆ ದೊಡ್ಡಿಗೆ ಹೋದರೆ ಸದ್ದಿಲ್ಲ. ಪಾತ್ರೆಗೆ ಹಾಲು ಬೀಳುವ ಸಪ್ಪಳ ಒಂದೇ. ಪ್ರತಿ ವರ್ಷವೂ ಹೀಗೆಯೇ ಆಗುತ್ತಿತ್ತು, ಪ್ರತಿ ವರ್ಷವೂ ಅವನು ಒಂದೇ ಮಾತು ಬರೆಯುತ್ತಿದ್ದ. ಈಗಲೂ ಪೆನ್ನು ತೆಗೆದ. "ನಾಲ್ಕನೆಯ ದಿನ: ಶಾಂತ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯಲು ಹೊರಟ.

"ಶಾಂತ ಅಂತ ಬರೀಬ್ಯಾಡ್ರಿ ಸಾವ್ಕಾರ್ರ" ಎಂದಳು ನಿಂಬೆವ್ವ, ಹಿಂಡುತ್ತಲೇ.

"ಮತ್ತೇನ್ ಬರೀಲಿ? ಒದರೂದು ನಿಂತೈತಲ್ಲ."

"ಒದರೂದು ನಿಂತೈತಿ ಅಂತನ ಬರೀರಿ. ಅಷ್ಟ ಖರೇ. ಎಷ್ಟಂತ ಒದರ್ತಾವ? ಯಾರೂ ಬರಲಿಲ್ಲ, ಬಿಟ್ಟಾವ. ಕಿವಿ ನೋಡ್ರಿ ಬೇಕಾರ."

ಅವನು ನೋಡಿದ. ಎಪ್ಪತ್ತು ಕುರಿ ಸುಮ್ಮನೆ ನಿಂತಿದ್ದವು. ಕೆಲವು ಮೇಯುತ್ತಿದ್ದವು, ಕೆಲವು ಮೆಲುಕು ಹಾಕುತ್ತಿದ್ದವು. ಆದರೆ ಎಲ್ಲವುಗಳ ಕಿವಿಯೂ ತಟ್ಟಿಯ ಕಡೆಗೇ ತಿರುಗಿತ್ತು.

ಪೆನ್ನು ಹಾಳೆಯ ಮೇಲೆಯೇ ನಿಂತಿತು. ಮೊದಲ ವರ್ಷ ತಂಗಿ ಕೂಗಿದ್ದಳು. ಎರಡನೆಯ ವರ್ಷ ಕೂಗಿದ್ದಳು. ಮೂರನೆಯ ವರ್ಷ ಒಂದೇ ಮಾತಾಡಿ ನಕ್ಕಿದ್ದಳು. ಇದು ನಾಲ್ಕನೆಯದು. "ಹೊಂದಿಕೊಂಡಾಳ" ಎಂದು ತಾನೇ ತನ್ನ ಬಾಯಿಂದ ಹೇಳಿದ್ದ.

ರಿಜಿಸ್ಟರು ಮುಚ್ಚಿದ. ಟವೆಲು ಹೆಗಲಿಗೆ ಹಾಕಿಕೊಂಡ. "ನಿಂಬೆವ್ವ, ನಾ ತಂಗಿ ಊರಿಗೆ ಹೊಂಟೆ. ಹಾಲಿಂದು..."

"ಹಿಂಡತೀನ್ರೀ. ನೀವು ಇರಲಾರದಾಗೂ ಕುರಿ ಹಾಲು ಕೊಡತಾವ. ನಿಮಗ ಬ್ಯಾಸರ ಆದೀತಂತ ಇಷ್ಟು ದಿನ ಹೇಳಿರಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ತಂಗಿಯ ಊರು ಮುಟ್ಟಿದ. ಕಸ್ತೂರಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಣ್ಣನನ್ನು ಕಂಡವಳೇ ಮೊರವನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು. ಮುಖ ಬಿಳಿಚಿತು. ಅವಳು ಕೇಳಿದ ಮೊದಲ ಮಾತು ಏನು ಗೊತ್ತೇ?

"ಯಾರಿಗೇನಾತಣ್ಣ?"

ಕೇಳಿದಿರಾ? ಒಡಹುಟ್ಟಿದ ಅಣ್ಣ ಬಾಗಿಲಿಗೆ ಬಂದರೆ ತಂಗಿಗೆ ಹೊಳೆಯುವುದು ಸಾವಿನ ಸುದ್ದಿ. ನಾಲ್ಕು ವರ್ಷದಲ್ಲಿ ಅವನು ಅಷ್ಟು ದೂರ ಹೋಗಿಬಿಟ್ಟಿದ್ದ.

"ಯಾರಿಗೂ ಏನೂ ಆಗಿಲ್ಲವ್ವಾ" ಎಂದ. "ಕರಿಯಾಕ ಬಂದೀನಿ."

"ಪಂಚಮಿ ನಿನ್ನೇನ ಆತಲ್ಲ."

"ಗೊತ್ತೈತಿ."

ಒಳಗಿನಿಂದ ಅವಳ ಅತ್ತೆ ಇಣುಕಿದಳು. ಮಾತಿನಲ್ಲಿ ಚುರುಕು ಮುದುಕಿ. "ಏನಪಾ, ಬಂದೆಲ್ಲ! ಎಲ್ಲಾ ಕುರಿದೂ ಬಾಣಂತನ ಮುಗೀತೇನು? ನಮ್ಮ ಸೊಸಿನೂ ನಾಲ್ಕು ಕಾಲಿಲೆ ಹುಟ್ಟಿದ್ರ ಬೇಷಿತ್ತು ನೋಡು, ವರ್ಷಾ ಬಂದು ನೋಡ್ತಿದ್ದಿ."

ಅವನು ತಲೆ ತಗ್ಗಿಸಿದ. ಕಸ್ತೂರಿಯೇ, "ಇರಲಿ ಬಿಡ್ರೀ ಅತ್ತಿ" ಎಂದು ಒಳಗೆ ಹೋದಳು. ಹೋದವಳು ಬಹಳ ಹೊತ್ತು ಬರಲಿಲ್ಲ. ಡಬ್ಬಿಗಳನ್ನು ಸರಿಸುವ ಸದ್ದು, ಏಣಿ ಹಾಕುವ ಸದ್ದು. ಆಮೇಲೆ ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಬಂದಳು. ಅವರವ್ವ ತನ್ನ ಹಳೆಯ ಸೀರೆಯ ಹಸಿರು ಅಂಚು ಹಚ್ಚಿ ಹೊಲಿದುಕೊಟ್ಟ ಚೀಲ. ಮೂರು ವರ್ಷ ಪಂಚಮಿಯ ಮುನ್ನಾದಿನ ಅದರಲ್ಲಿ ಎರಡು ಸೀರೆ ಮಡಿಸಿಟ್ಟು ಬಾಗಿಲ ಹಿಂದೆ ತೂಗುಹಾಕಿದ್ದಳು. ಮೂರು ವರ್ಷವೂ ಹಬ್ಬದ ಮರುದಿನ ಸೀರೆ ತೆಗೆದು ಪೆಟ್ಟಿಗೆಯಲ್ಲಿಟ್ಟಿದ್ದಳು. ಈಗ ಚೀಲ ತುಂಬಿತ್ತು, ಬಾಯಿಗೆ ದಾರ ಕಟ್ಟಿತ್ತು.

"ಏನೈತಿ ಇದ್ರಾಗ?"

"ಉಳ್ಳಾಗಡ್ಡಿ ಬೀಜ" ಎಂದಳು. "ಸುಮ್ನ ಖಾಲಿ ಬಿದ್ದಿತ್ತು. ಈ ವರ್ಷ ಬೀಜ ತುಂಬಿ ಅಟ್ಟದ ಮ್ಯಾಲ ಇಟ್ಟಿದ್ದೆ." ತಪ್ಪು ಮಾಡಿದವಳಂತೆ ಅತ್ತಿತ್ತ ನೋಡಿದಳು. "ಎಲ್ಲಿ ಸುರುವಲಣ್ಣ ಇದನ್ನ?"

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅತ್ತಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಕಟ್ಟೆಯ ಮೇಲೆ ಹಾಸಿದ. "ಇದರಾಗ ಸುರುವು" ಎಂದ. ಕರಿಯ ಈರುಳ್ಳಿ ಬೀಜ ಬಿಳಿಯ ಟವೆಲಿನ ಮೇಲೆ ಸುರಿಯಿತು. ನಾಲ್ಕೂ ತುದಿ ಹಿಡಿದು ಅವನೇ ಗಂಟು ಕಟ್ಟಿ ಮುದುಕಿಯ ಕೈಗೆ ಕೊಟ್ಟ. ಕಸ್ತೂರಿ ಚೀಲವನ್ನು ತಿರುವಿ ಕೊಡವಿದಳು. ಹೊಲಿಗೆಯ ಸಂದಿನಿಂದ ಇನ್ನೂ ನಾಲ್ಕು ಬೀಜ ಬಿದ್ದವು.

"ಜೋಕಾಲಿ ಬಿಚ್ಚಿರ್ತಾರಲ್ಲಣ್ಣ ಊರಾಗೆಲ್ಲ" ಎಂದಳು, ಸೀರೆ ಮಡಿಸುತ್ತಾ.

"ನಮ್ಮ ಬೇವಿನ ಗಿಡಕ್ಕ ಈ ವರ್ಷ ಕಟ್ಟೇ ಇಲ್ಲ. ಹೋಗಿ ಕಟ್ಟೂಣಂತ."

"ಎಷ್ಟು ದಿನಕ್ಕ ಬರಲಿ?"

ನೂರೈವತ್ತು ದಿನ ಗೊತ್ತಿದ್ದವನು. ಮರಿ ಅಗಲಿಸುವ ಮೂವತ್ತು ದಿನ, ಬತ್ತಿಸುವ ಅರವತ್ತು ದಿನ ಗೊತ್ತಿದ್ದವನು. ಈ ಒಂದು ಪ್ರಶ್ನೆಗೆ ಅವನ ಹತ್ತಿರ ಅಂಕಿ ಇರಲಿಲ್ಲ. "ನಿನಗ ಸಾಕು ಅನ್ನೂತನ" ಎಂದ.

ತಂಗಿ ಬಂದಳು. ಹದಿನೈದು ದಿನ ಇದ್ದಳು. ಹೋದ ಮೂರು ಪಂಚಮಿಗಳು ಮಾತ್ರ ಬರಲಿಲ್ಲ. ಅವು ಎಲ್ಲಿಂದ ಬರಬೇಕು? ಅವಳು ಜೋಕಾಲಿಯ ಮೇಲೆ ಕೂತಾಗ "ಇನ್ನಾ ಮ್ಯಾಲ" ಎನ್ನಲಿಲ್ಲ. ಹಗ್ಗ ಹಿಡಿದು ಸುಮ್ಮನೆ ಕೂತಿದ್ದಳು. ಅವನು ಹಗುರಾಗಿ ತೂಗಿದ. ಆ ಮಾತಿಗಾಗಿ ಅವನು ಇನ್ನೂ ಕಾಯುತ್ತಿರಬಹುದು.

ಈಗ ನಿಮ್ಮ ಸರದಿ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಪ್ರಶ್ನೆ ಇದು: ಆ ಪಟ್ಟಿಯಲ್ಲಿ ಇನ್ನೂರು ಕುರಿಗಳಿಗೆ ಬಿಳಿ ಮನೆ ಇತ್ತು, ಯಜಮಾನನಿಗೆ ಎಲ್ಲಿತ್ತು? ಇರಲಿಲ್ಲ. ಇನ್ನೂರ ಒಂದನೆಯ ಸಾಲೇ ಇರಲಿಲ್ಲ. ಕೆಚ್ಚಲಿಗೆ ಬಿಡುವು ಬೇಕೆಂದು ತಿಳಿದವನಿಗೆ ಎದೆಗೂ ಬೇಕೆಂದು ತಿಳಿಯಲಿಲ್ಲ. ಅಪ್ಪನ ಕಾಲದಲ್ಲಿ ತಾನಾಗಿ ಬರುತ್ತಿದ್ದ ಖಾಲಿ ದಿನಗಳನ್ನು ಅವನು ಜಾಣತನದಿಂದ ತುಂಬಿಸಿಬಿಟ್ಟ. ನಾವೂ ತುಂಬಿಸಿದ್ದೇವೆ. ನಮ್ಮ ಅಂಗಡಿಗೆ ರಜೆಯಿಲ್ಲ, ನಮ್ಮ ಫೋನಿಗೆ ನಿದ್ದೆಯಿಲ್ಲ, ನಮ್ಮ ಹೊಲದಲ್ಲಿ ಮೂರು ಬೆಳೆ. ಕೆಲಸ ಮುಗಿಸಿ ಹೋಗುತ್ತೇನೆ ಎನ್ನುತ್ತೇವೆ. ಮುಗಿಯದಂತೆ ಕಟ್ಟಿದವರು ಯಾರು? ನಾವೇ ಅಲ್ಲವೇ?

ದುಡಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಕುರಿಯನ್ನು ಹೊತ್ತಿಗೆ ಸರಿಯಾಗಿ ಹಿಂಡದಿದ್ದರೆ ಅದರ ಕೆಚ್ಚಲು ಬಾತುಕೊಳ್ಳುತ್ತದೆ, ಅದೂ ಪಾಪವೇ. ನಾನು ಕೇಳುವುದು ಇಷ್ಟೇ. ಇವತ್ತು ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿ. ಅದರ ಮೇಲೆ ಏನಾದರೂ ತೂಗುಹಾಕಿದ್ದರೆ ಪಕ್ಕಕ್ಕೆ ಸರಿಸಿ. ಕೆಲಸದ ದಿನಗಳನ್ನು ಗುರುತು ಮಾಡುವ ಮೊದಲು ಖಾಲಿ ದಿನಗಳನ್ನು ಗುರುತು ಮಾಡಿ. ಕೆಲಸ ಉಳಿಸಿದ ಚೂರನ್ನು ನಿಮ್ಮವರಿಗೆ ಕೊಡಬೇಡಿ, ನಿಮ್ಮವರಿಂದ ಉಳಿದದ್ದನ್ನು ಕೆಲಸಕ್ಕೆ ಕೊಡಿ. ಹಬ್ಬ ಯಾವಾಗ ಎಂದು ಮನೆಯ ಹೆಂಗಸರನ್ನು ಒಂದು ಮಾತು ಕೇಳಿ. ಕೇಳಿದರೆ ನಿಮ್ಮ ಓದಿಗೆ ಕುಂದು ಬರುವುದಿಲ್ಲ.

ಇನ್ನೊಂದು ಮಾತಿದೆ. ಮೊದಲು ನಿಮ್ಮನ್ನು ಕೇಳುತ್ತಿದ್ದವರು, ಕಾಡುತ್ತಿದ್ದವರು, ಯಾವಾಗ ಬರ್ತೀ ಎಂದು ಪೀಡಿಸುತ್ತಿದ್ದವರು, ಈಗ ಸುಮ್ಮನಾದವರು ಯಾರಾದರೂ ಇದ್ದಾರೆಯೇ? ಕಣ್ಣು ಮುಚ್ಚಿ ನೋಡಿ. ಒಂದು ಮುಖ ಬಂತೇ? ಬಂದಿತು, ನನಗೆ ಇಲ್ಲಿಂದಲೇ ಕಾಣುತ್ತದೆ. ಅವರ ಹೆಸರಿನ ಮುಂದೆ ನೀವೂ "ಶಾಂತ" ಎಂದು ಬರೆದುಕೊಂಡಿದ್ದೀರಿ. ಇವತ್ತು ಅದನ್ನು ಹೊಡೆದುಹಾಕಿ. ಫೋನ್ ಬೇಡ, ಗಾಡಿ ಕಳಿಸಬೇಡಿ, ಡಬ್ಬಿ ಕಳಿಸಬೇಡಿ. ನೀವೇ ಹೋಗಿ. ಹಬ್ಬ ಕಳೆದಿದ್ದರೂ ಹೋಗಿ. ನಿಮ್ಮನ್ನು ಬಾಗಿಲಲ್ಲಿ ಕಂಡು ಅವರು "ಯಾರಿಗೇನಾಯಿತು" ಎಂದು ಕೇಳಬಹುದು. ಕೇಳಲಿ, ಅದು ನಮ್ಮ ಗಳಿಕೆ. ಅವರ ಚೀಲದಲ್ಲಿ ಈಗ ಬೇರೆ ಏನೋ ತುಂಬಿರಬಹುದು. ಬೇಸರಪಟ್ಟುಕೊಂಡು ಹಿಂದಿರುಗಬೇಡಿ. ನಿಮ್ಮ ಹೆಗಲ ಮೇಲೆ ಟವೆಲು ಇದೆಯಲ್ಲ, ಅದನ್ನು ಹಾಸಿ.